ನಲವತ್ತು ಮಿಂಚುಳ್ಳಿಗಳ ಬಾಕಿ

೨೦೦೪ನೆಯ ಇಸವಿ ಜುಲೈ ೧೦, ಶನಿವಾರ. ನೋಟ್‌ಬುಕ್ಕುಗಳು ನಲವತ್ತೊಂದು, ಅವುಗಳಲ್ಲಿ ಮಿಂಚುಳ್ಳಿಗಳು ನಲವತ್ತು.

ಮೇಲೂರಿನ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಕುಳಿತು ನಾನು ಎರಡು ಸಲ ಎಣಿಸಿದೆ. ಎರಡು ಸಲವೂ ಉತ್ತರ ಒಂದೇ ಬಂದಿತು. ಒಂಬತ್ತನೆಯ ತರಗತಿಯ ನಲವತ್ತು ಮಕ್ಕಳು ಒಂದೇ ಹೊತ್ತಿನಲ್ಲಿ, ಕೆರೆಯ ಅಂಚಿನ ಒಂದೇ ಒಣಕೊಂಬೆಯ ಮೇಲೆ, ತಲಾ ಒಂದು ಮಿಂಚುಳ್ಳಿಯನ್ನು ಕಂಡಿದ್ದರು. ಎಲ್ಲ ಹಕ್ಕಿಗಳೂ ಎಡಕ್ಕೆ ಮುಖ ಮಾಡಿದ್ದವು. ಎಲ್ಲವುಗಳ ಕೊಕ್ಕಿನಲ್ಲೂ ಒಂದು ಮೀನಿತ್ತು. ಕೆಲವು ಮೀನುಗಳು ನಗುತ್ತಿದ್ದವು. ಕೆರೆಯಲ್ಲಿ ಮೂರು ವರ್ಷಗಳಿಂದ ನೀರಿರಲಿಲ್ಲ. ಅದರ ನಟ್ಟನಡುವೆ ಊರಿನ ಹುಡುಗರು ಕ್ರಿಕೆಟ್ ಆಡುತ್ತಿದ್ದರು.

ನಾನು ಆ ಶಾಲೆಯ ಗಣಿತದ ಮೇಷ್ಟ್ರು. ಮುಖ್ಯೋಪಾಧ್ಯಾಯರ ಹುದ್ದೆ ಖಾಲಿಯಿದ್ದುದರಿಂದ ಆ ವರ್ಷ ಆ ಕೆಲಸವೂ ನನ್ನ ಪಾಲಿಗೆ ಬಂದಿತ್ತು. ಎದುರಿನ ಕುರ್ಚಿಯಲ್ಲಿದ್ದವರು ರಂಜನಿ. ಜೂನ್ ತಿಂಗಳಲ್ಲಿ ವಿಜ್ಞಾನ ಕಲಿಸಲು ಬಂದವರು, ಚಿಂತಾಮಣಿಯಿಂದ ದಿನವೂ ಬಸ್ಸಿನಲ್ಲಿ ಓಡಾಡುವವರು. ಆ ನೋಟ್‌ಬುಕ್ಕುಗಳಿಗೆ ಕಾರಣರು ಅವರೇ.

ನಡೆದದ್ದು ಇಷ್ಟು. ಶನಿವಾರದ ಕೊನೆಯ ಪಿರಿಯಡ್ಡಿನಲ್ಲಿ ಗಣಿತದ ಟೆಸ್ಟ್ ನಡೆಸುವುದು ನನ್ನ ಬಹುಕಾಲದ ಪದ್ಧತಿ. ರಂಜನಿ ಬಂದ ವಾರವೇ ಹಿಂದಿನ ವರ್ಷದ ಹಾಜರಿ ಪುಸ್ತಕವನ್ನು ನನ್ನ ಮೇಜಿನ ಮೇಲೆ ತೆರೆದಿಟ್ಟರು.

"ಸಾರ್, ಸೋಮವಾರದಿಂದ ಶುಕ್ರವಾರದ ತನಕ ಎಲ್ಲರೂ ಬಂದಿದ್ದಾರೆ. ಶನಿವಾರ ಮಾತ್ರ ಹನ್ನೊಂದು ಜನಕ್ಕೆ ಹೊಟ್ಟೆನೋವು. ವಾರಕ್ಕೊಂದೇ ದಿನ ಬರೋ ಕಾಯಿಲೆ ಯಾವುದು ಸಾರ್?"

"ಹೆದರಿಕೆ," ಎಂದೆ.

"ಔಷಧಿ?"

"ಅಭ್ಯಾಸ."

"ಅದನ್ನ ನೀವು ಕೊಟ್ಟು ನೋಡಿದ್ದೀರಿ. ನಾನೂ ಒಂದು ಕೊಟ್ಟು ನೋಡ್ತೀನಿ. ಆ ಪಿರಿಯಡ್ ನನಗೆ ಸಾಲ ಕೊಡಿ. ದಸರಾ ರಜದ ಹೊತ್ತಿಗೆ ವಾಪಸ್."

ಅವರ ಔಷಧಿ ಸರಳವಾಗಿತ್ತು. ಮಕ್ಕಳು ಬಯಲಿಗೆ ಹೋಗಬೇಕು. ಒಬ್ಬೊಬ್ಬರೂ ಒಂದೊಂದು ಕಡೆ ಸುಮ್ಮನೆ ಕೂರಬೇಕು. ಹುಳುವಾಗಲಿ, ಹುಲ್ಲಾಗಲಿ, ಹಕ್ಕಿಯಾಗಲಿ, ಕಂಡದ್ದನ್ನು ಬರೆಯಬೇಕು, ಬಂದಹಾಗೆ ಚಿತ್ರ ಬಿಡಿಸಬೇಕು. ಮಾರ್ಕ್ಸ್ ಇಲ್ಲ. ಆ ಪುಸ್ತಕಕ್ಕೆ ಅವರು ಇಟ್ಟ ಹೆಸರು ನೋಟದ ಪುಸ್ತಕ. ನಾನು ಸಾಲ ಕೊಟ್ಟೆ; ಕೊಟ್ಟವನಿಗೆ ಪರಿಶೀಲಿಸುವ ಹಕ್ಕಿದೆ ಎಂದೂ ಹೇಳಿದೆ. ಮಾರ್ಕ್ಸ್ ಇಲ್ಲವೆಂಬ ಮಾತನ್ನು ಮಕ್ಕಳು ನಂಬಲಿಲ್ಲ. ಪುಸ್ತಕಗಳು ಕೊನೆಗೆ ಬರುವುದು ನನ್ನ ಮೇಜಿಗೆ ಎಂದು ಅವರಿಗೆ ಗೊತ್ತಿತ್ತು.

ಮಿಂಚುಳ್ಳಿ ಇಲ್ಲದ ನಲವತ್ತೊಂದನೆಯ ಪುಸ್ತಕ ತನುಜಳದು. ಅದರಲ್ಲಿ ಹೀಗಿತ್ತು: "ಕೆರೆಯ ಕಟ್ಟೆಯ ಮೇಲೆ ಬೇವಿನ ಮರವಿದೆ. ಅದರ ಕೆಳಗೆ ಅಂಬರೀಶ ಕೂತಿದ್ದ. ಅವನ ಸುತ್ತ ಎಲ್ಲರೂ ಕೂತಿದ್ದರು. ಅವನು ಹೇಳುತ್ತಿದ್ದ, ಅವರು ಬರೆಯುತ್ತಿದ್ದರು. ಮರದ ಮೇಲೆ ಒಂದು ಕಾಗೆ ಇತ್ತು. ಅದು ಕೆಳಗೆ ಬಗ್ಗಿ ಅವರನ್ನು ನೋಡುತ್ತಿತ್ತು. ಬೇರೆ ಹಕ್ಕಿ ಕಾಣಲಿಲ್ಲ."

ರಂಜನಿ ಅದನ್ನು ಓದಿ, ಸೆರಗನ್ನು ಬಾಯಿಗೆ ಹಿಡಿದು ಕಿಟಕಿಯ ಕಡೆ ತಿರುಗಿದರು. ಅವರ ಭುಜಗಳು ಬಹಳ ಹೊತ್ತು ಅಲುಗುತ್ತಿದ್ದವು.

ತನುಜಳ ಬಗ್ಗೆ ಇಲ್ಲಿಯೇ ಹೇಳಬೇಕು. ಹೊಟ್ಟೆನೋವಿನ ಹನ್ನೊಂದು ಜನರಲ್ಲಿ ಅವಳು ಮೊದಲನೆಯವಳು. ಮನೆಯಿಂದ ಮಾಡಿಕೊಂಡು ಬಂದ ಲೆಕ್ಕ ತಪ್ಪುತ್ತಿರಲಿಲ್ಲ. ಟೆಸ್ಟಿನ ಹಾಳೆ ಮುಂದಿಟ್ಟರೆ ಕೈ ನಿಂತುಬಿಡುತ್ತಿತ್ತು. ತಂದೆ ನರಸಿಂಹಮೂರ್ತಿ ಶಿಡ್ಲಘಟ್ಟದಲ್ಲಿ ತಾಲ್ಲೂಕು ಕಚೇರಿಯ ಗುಮಾಸ್ತರು. ಶಾಲೆ ತೆರೆದ ದಿನವೇ ಅವರು ಮಗಳೊಡನೆ ನನ್ನ ಬಳಿಗೆ ಬಂದಿದ್ದರು.

"ಸಾರ್, ಈ ವರ್ಷ ಒಂದೇ ಒಂದು ಟೆಸ್ಟ್ ತಪ್ಪಿಸಿದ್ರೂ ನಾನು ಟೀಸಿ ತಗೊಂಡು ಹೋಗ್ತೀನಿ. ಚಿಕ್ಕಬಳ್ಳಾಪುರದ ಹತ್ರ ಒಂದು ಹಾಸ್ಟೆಲ್ ಸ್ಕೂಲ್ ನೋಡಿದ್ದೀನಿ. ಅಲ್ಲಿ ದಿನಾ ಟೆಸ್ಟು. ಹೆದರಿಕೆ ಬಿಟ್ಟುಹೋಗುತ್ತೆ."

ತನುಜ ಅವರ ಹಿಂದೆ ನಿಂತು ಬಾಗಿಲಿನ ಚಿಲಕವನ್ನು ನೋಡುತ್ತಿದ್ದಳು. ಹೋಗಲಾರೆ ಎಂದು ಅವಳು ಹೇಳಲಿಲ್ಲ. ಅವಳು ಏನನ್ನೂ ಹೇಳುತ್ತಿರಲಿಲ್ಲ.

ಸೋಮವಾರ ಮೊದಲ ಪಿರಿಯಡ್ಡಿಗೆ ನಾನು ಪುಸ್ತಕಗಳನ್ನೆಲ್ಲ ಹೊತ್ತು ತರಗತಿಗೆ ಹೋದೆ. ರಂಜನಿಯೂ ಬಂದರು.

"ಮಿಂಚುಳ್ಳಿ ನೋಡಿದವರು ಎದ್ದು ನಿಲ್ಲಿ," ಎಂದೆ.

ನಲವತ್ತು ಜನ ನಿಂತರು.

"ಅದರ ಕಾಲು ಯಾವ ಬಣ್ಣ?"

ಎಲ್ಲರೂ ಅಂಬರೀಶನ ಕಡೆ ನೋಡಿದರು. ಅಂಬರೀಶ ತರಗತಿಗೆ ಮೊದಲನೆಯವನು, ಲೀಡರ್. ಅಕ್ಷರ ಮುದ್ರಿಸಿದಂತೆ, ಚಿತ್ರವೂ ಅಷ್ಟೆ.

"ಅಂಬರೀಶಪ್ಪ, ಒಣಗಿದ ಕೆರೆಗೆ ಮೀನು ಎಲ್ಲಿಂದ ಬಂತು?"

"ಕೊಕ್ಕು ಖಾಲಿ ಬಿಟ್ರೆ ಚಿತ್ರ ಎದ್ದು ಕಾಣಲ್ಲ ಸಾರ್."

"ಹಕ್ಕಿ ಎಲ್ಲಿಂದ ಬಂತು?"

"ನಮ್ಮಣ್ಣನ ಹಳೇ ಪುಸ್ತಕದಿಂದ ಸಾರ್. ಪೇಜ್ ನಂಬರ್ ಬೇಕಾದ್ರೆ ಹೇಳ್ತೀನಿ."

ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು.

"ಯಾಕಪ್ಪ ಹೀಗೆ?" ಎಂದರು ರಂಜನಿ. "ಕಂಡದ್ದನ್ನ ಬರೀರಿ ಅಂದಿದ್ದೆ ತಾನೆ?"

"ಕಂಡದ್ದು ಒಂದು ಕಾಗೆ ಮಿಸ್. ಕಾಗೆಗೆ ಸಾರ್ ಎಷ್ಟು ಕೊಡ್ತಾರೆ ಹೇಳಿ. ಮಿಂಚುಳ್ಳಿಯಾದ್ರೆ ಹತ್ತಕ್ಕೆ ಒಂಬತ್ತಾದ್ರೂ ಗ್ಯಾರಂಟಿ. ನಾನೊಬ್ಬನೇ ತಗೊಳ್ಳೋದು ಸರಿಯಲ್ಲ ಅಂತ ಎಲ್ಲರಿಗೂ ಕೊಟ್ಟೆ."

ನಾನು ಬೋರ್ಡಿನ ಕಡೆ ತಿರುಗಿ ಬರೆದೆ. ಮಿಂಚುಳ್ಳಿ ಮೀನು ತಿನ್ನುತ್ತದೆ. ಮೀನು ನೀರಿನಲ್ಲಿರುತ್ತದೆ. ಮೇಲೂರಿನಲ್ಲಿ ನೀರು ನಿಂತ ಜಾಗವಿಲ್ಲ. ಆದ್ದರಿಂದ ಮೇಲೂರಿನಲ್ಲಿ ಮಿಂಚುಳ್ಳಿ ಇಲ್ಲ. ಪ್ರಮಾಣ ಪೂರ್ತಿಯಾಯಿತೆಂದು ಕೆಳಗೆ ಎರಡು ಗೆರೆ ಎಳೆದೆ.

"ಕೊಟ್ಟ ಸಾಲವನ್ನು ಹಿಂದಕ್ಕೆ ಪಡೆದಿದ್ದೇನೆ," ಎಂದೆ. "ಬರುವ ಶನಿವಾರ ಟೆಸ್ಟ್."

ನಲವತ್ತು ಜನ ನಿಂತೇ ಇದ್ದರು. ಕುಳಿತಿದ್ದವಳು ಒಬ್ಬಳೇ, ಆಗ ಅವಳೂ ಎದ್ದಳು. ಎಡಗೈ ಹೊಟ್ಟೆಯನ್ನು ಒತ್ತಿಹಿಡಿದಿತ್ತು.

"ಸಾರ್, ಮೊದಲನೇ ಸಾಲು," ಎಂದಳು ತನುಜ.

"ಏನಮ್ಮ ಮೊದಲನೆಯ ಸಾಲಿಗೆ?"

"ಮೀನು ತಿನ್ನುತ್ತೆ ಅಂತಿದೆ ಸಾರ್. ಬೇರೆ ಏನೂ ತಿನ್ನಲ್ಲ ಅಂತ ಇಲ್ಲ."

ನಾನು ಬೋರ್ಡನ್ನು ನೋಡಿದೆ. ಇರಲಿಲ್ಲ.

"ಬೇರೆ ತಿನ್ನುತ್ತದೆಂದು ನಿನಗೆ ಗೊತ್ತೋ?"

"ಇಲ್ಲ ಸಾರ್. ನಮ್ಮಜ್ಜಿ ಹಿಪ್ಪುನೇರಳೆ ಸೊಪ್ಪಿನ ತೋಟದಲ್ಲಿ ಬೋರ್‌ವೆಲ್ ತಂತಿ ಮೇಲೆ ಒಂದು ಹಕ್ಕಿ ಕೂರುತ್ತೆ. ನೀಲಿ. ಹತ್ರದಿಂದ ನೋಡಿಲ್ಲ. ಹೆಸರು ಗೊತ್ತಿಲ್ಲ. ಅದಕ್ಕೇ ಬರೀಲಿಲ್ಲ."

ಇಷ್ಟು ಮಾತನ್ನು ಅವಳು ಒಟ್ಟಿಗೆ ಆಡಿದ್ದನ್ನು ತರಗತಿ ಕೇಳಿರಲಿಲ್ಲ. ಕೆಮ್ಮಿದವನು ಕೆಮ್ಮುವುದನ್ನು ನಿಲ್ಲಿಸಿದ. ಪ್ರಮಾಣದಲ್ಲಿ ಬಿರುಕು ಕಂಡ ಮೇಲೆ ಅದರ ಮೇಲೆ ತೀರ್ಪು ನಿಲ್ಲಿಸುವಂತಿಲ್ಲ. ನಾನು ಷರತ್ತು ಹಾಕಿದೆ. ಶನಿವಾರ ಬೆಳಿಗ್ಗೆ ಮೇಲೂರಿನ ನೆಲದಲ್ಲಿ ಒಂದು ಮಿಂಚುಳ್ಳಿಯನ್ನು ನನ್ನ ಕಣ್ಣಿಗೆ ತೋರಿಸಬೇಕು. ತೋರಿಸಿದರೆ ಪರೀಕ್ಷೆ ಮುಗಿಯುವ ಮಾರ್ಚ್‌ವರೆಗೂ ಆ ಪಿರಿಯಡ್ ನೋಟದ ಪುಸ್ತಕಕ್ಕೆ. ತೋರಿಸದಿದ್ದರೆ ಅಂದೇ ಟೆಸ್ಟ್.

"ನಲವತ್ತು ಬೇಡ," ಎಂದೆ. "ಒಂದು ಸಾಕು."

ಹೊರಗೆ ಬಂದಾಗ ರಂಜನಿ ಹೇಳಿದರು: "ಸಾರ್, ಶನಿವಾರ ಟೆಸ್ಟ್ ಆದ್ರೆ ಆ ಹುಡುಗಿ ಬರಲ್ಲ. ಬರದಿದ್ರೆ ಅವರಪ್ಪ ಟೀಸಿ ಕೇಳ್ತಾರೆ. ಸಹಿ ಹಾಕೋರು ನೀವೇ."

"ಅವಳು ಈಗ ಇಡೀ ತರಗತಿಯ ಮುಂದೆ ನನ್ನ ಪ್ರಮಾಣವನ್ನು ತಿದ್ದಿದಳು."

"ಹೊಟ್ಟೆ ಹಿಡ್ಕೊಂಡೇ ತಿದ್ದಿದಳು ಸಾರ್."

ಆ ವಾರ ಶಾಲೆಯ ಶಿಸ್ತು ಕೆಟ್ಟಿತು. ಮಕ್ಕಳು ಗೇಟು ತೆರೆಯುವ ಮುಂಚೆಯೇ ಬಂದು ನಿಲ್ಲುತ್ತಿದ್ದರು. ಪ್ರಾರ್ಥನೆಯ ಸಾಲಿನಲ್ಲಿ ಒಬ್ಬರ ಮುಖವೂ ನೇರವಾಗಿರುತ್ತಿರಲಿಲ್ಲ. ಎಲ್ಲರೂ ಮರ ನೋಡುತ್ತಿದ್ದರು, ಕಂಬ ನೋಡುತ್ತಿದ್ದರು. ಸ್ಟಾಫ್ ರೂಮಿನ ಬಾಗಿಲಿಗೆ ವರದಿಗಳು ಬರತೊಡಗಿದವು. ಎಲ್ಲಿ, ಯಾವಾಗ, ಬೇರೆ ಯಾರು ನೋಡಿದರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದ ಹಕ್ಕಿಯನ್ನು ನಾನು ಒಪ್ಪಲಿಲ್ಲ. ಮರಕುಟುಕ ಬಂದಿತು, ಕೆಂಬೂತ ಬಂದಿತು, ಬಾಲ ಕತ್ತರಿಯಂತಿರುವ ಕರಿಹಕ್ಕಿಯೊಂದು ಎಮ್ಮೆಯ ಬೆನ್ನ ಮೇಲೆ ಸವಾರಿ ಬಂದಿತು. ರೂಪ ಎಂಬ ಹುಡುಗಿ ಹುಣಸೆ ಮರದ ತುದಿಯಲ್ಲಿ ನೀಲಿ ಹಕ್ಕಿ ಕಂಡೆನೆಂದು ಓಡಿಬಂದಳು. ಅರ್ಧ ತರಗತಿ ಅವಳ ಹಿಂದೆ ಹೋಯಿತು. ಅದು ಗಾಳಿಗೆ ಸಿಕ್ಕಿಕೊಂಡ ಹಾಲಿನ ಕವರು. ರೂಪ ಅದನ್ನೂ ಪುಸ್ತಕದಲ್ಲಿ ಬರೆದಳು. ಕೊನೆಯಲ್ಲಿ "ಹಾರಲಿಲ್ಲ" ಎಂದು ಸೇರಿಸಿದಳು.

ಅಂಬರೀಶನಿಗೆ ಆ ವಾರ ಅದೃಷ್ಟವಿರಲಿಲ್ಲ. ಅವನು ಮಂಗಳವಾರ "ಏನೂ ಕಾಣಲಿಲ್ಲ" ಎಂದು ಬರೆದು, ಪುಸ್ತಕವನ್ನು ತಾನೇ ತಂದು ನನ್ನ ಮುಂದೆ ಹಿಡಿದ. ನಾನು ಓದಿ, ಸರಿ ಎಂದೆ. ಅವನು ಅಲ್ಲಿಯೇ ನಿಂತಿದ್ದ.

"ಸೊನ್ನೆ ಹಾಕಲ್ವಾ ಸಾರ್?"

"ಯಾವುದಕ್ಕೆ? ಉತ್ತರ ಸರಿಯಾಗಿದೆ."

ಗುರುವಾರದ ಪುಟದಲ್ಲಿ ಹೀಗಿತ್ತು: "ಹಕ್ಕಿ ಕಾಣಲಿಲ್ಲ. ಒಂದು ಇರುವೆ ಕಚ್ಚಿತು. ಅದನ್ನು ಕಂಡೆ. ಅದರ ತಲೆ ಕೆಂಪು." ಅವನ ಅಕ್ಷರ ಸ್ವಲ್ಪ ಕೆಟ್ಟಿತ್ತು. ಅದು ಇರುವೆಯ ಪಕ್ಕದಲ್ಲಿ ಕುಳಿತು ಬರೆದ ಅಕ್ಷರ.

ಶನಿವಾರ ಬೆಳಿಗ್ಗೆ ನಲವತ್ತೊಂದು ಮಕ್ಕಳೂ ಬಂದಿದ್ದರು. ಸಾಲಾಗಿ ನಡೆದು ಊರ ಹೊರಗಿನ ತೋಟಕ್ಕೆ ಹೋದೆವು. ತನುಜಳ ಅಜ್ಜಿ ಗಂಗುಲಮ್ಮ ಬದುವಿನ ಮೇಲೆ ಕೈ ಅಡ್ಡ ಹಿಡಿದು ನಿಂತಿದ್ದರು. ಅವರ ಬೆನ್ನ ಹಿಂದೆ ಹಿಪ್ಪುನೇರಳೆಯ ಸಾಲುಗಳು; ಅವುಗಳಾಚೆ ಹುಳದ ಮನೆ.

"ರಾವದ್ದು, ಅಲ್ಲೇ ನಿಂತ್ಕೊಳ್ಳಿ," ಎಂದು ತೆಲುಗಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸಿದರು. "ಹುಳ ನಾಲ್ಕನೇ ಜ್ವರಕ್ಕೆ ಕೂತವೆ. ಇಷ್ಟು ಜನ ಒಳಗೆ ಬಂದ್ರೆ ನನ್ನ ಬೆಳೆ ಏನಾಗ್ಬೇಕು ಸಾಮಿ?"

ರೇಷ್ಮೆಹುಳು ಪೊರೆ ಬಿಡುವ ಮುನ್ನ ಮೇವು ಬಿಟ್ಟು, ತಲೆ ಎತ್ತಿ, ಅಲುಗದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಆಗ ಅದನ್ನು ಮುಟ್ಟುವಂತಿಲ್ಲ; ಅದಕ್ಕೆ ಸೊಪ್ಪು ಹಾಕುವಂತಿಲ್ಲ. ಹೊರಗಿನವರು ಆ ಮನೆಯ ಹತ್ತಿರ ಸುಳಿಯುವುದನ್ನು ಯಾರೂ ಒಪ್ಪುವುದಿಲ್ಲ. ಮೇಲೂರಿನ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿರಲಿಲ್ಲ. ಅವರು ಹಿಂದಿರುಗುವುದಕ್ಕೆ ಸಿದ್ಧರಾದರು. ನಾನು ಜೇಬಿನಲ್ಲಿದ್ದ ಪ್ರಶ್ನೆಪತ್ರಿಕೆಯನ್ನು ಮುಟ್ಟಿ ನೋಡಿಕೊಂಡೆ.

ತನುಜ ಸಾಲಿನಿಂದ ಮುಂದೆ ಬಂದಳು.

"ಅಜ್ಜಿ, ಹುಳದ ಮನೆ ಕಡೆ ಯಾರೂ ಬರಲ್ಲ. ಈ ಬದುವಿನ ಮೇಲೆ ಕೂತ್ಕೊಳ್ತಾರೆ. ಸೊಪ್ಪು ಮುಟ್ಟಲ್ಲ. ಸದ್ದು ಮಾಡಲ್ಲ. ನಾನು ನೋಡ್ಕೊಳ್ತೀನಿ."

"ನೀನು ನೋಡ್ಕೊಳ್ತೀಯಾ?" ಎಂದರು ಗಂಗುಲಮ್ಮ. "ನಿನ್ನ ಬಾಯಲ್ಲಿ ಮಾತು ಬರಬೇಕಾದ್ರೆ ನಾನು ಮೂರು ಸಲ ಕೂಗ್ಬೇಕು. ಇಷ್ಟು ಕೋತಿಗಳನ್ನ ನೀನು ನೋಡ್ಕೊಳ್ತೀಯಾ?"

ತನುಜ ತರಗತಿಯ ಕಡೆ ತಿರುಗಿದಳು. "ಪೌಡರ್ ಹಾಕ್ಕೊಂಡಿರೋರು ತೊಟ್ಟಿ ಹತ್ರ ಹೋಗಿ ಮುಖ ತೊಳೀರಿ. ಮಲ್ಲಿಗೆ ಮುಡಿದೋರು ತೆಗೆದು ಆಚೆ ಇಡಿ. ಅಂಬರೀಶ, ನೀನು ಎಣ್ಣೆ ಎಷ್ಟು ಹಚ್ಕೊಂಡಿದ್ದೀಯ ನೋಡು, ಕೊನೇಲಿ ಕೂತ್ಕೋ."

ಆಮೇಲೆ ಅವಳು ನನ್ನನ್ನು ನೋಡಿದಳು.

"ಸಾರ್, ನಶ್ಯ."

"ನಶ್ಯಕ್ಕೇನಮ್ಮ?"

"ಹೊಗೆಸೊಪ್ಪು ಹುಳಕ್ಕೆ ವಿಷ ಸಾರ್. ಡಬ್ಬಿ ರಸ್ತೆ ಹತ್ರ ಆ ಕಲ್ಲಿನ ಮೇಲೆ ಇಡಿ. ಕೈ ತೊಳೀರಿ, ಮೂಗೂ ತೊಳೀರಿ. ಸೋಪ್ ಹಾಕಿ."

ರಂಜನಿ ಆಕಾಶದಲ್ಲಿ ಏನನ್ನೋ ಹುಡುಕತೊಡಗಿದರು. ನಾನು ಡಬ್ಬಿಯನ್ನು ಕಲ್ಲಿನ ಮೇಲಿಟ್ಟು ತೊಟ್ಟಿಗೆ ಹೋದೆ. ತೊಳೆದು ಬಂದಾಗ ಗಂಗುಲಮ್ಮ ನನ್ನ ಕೈಗಳನ್ನು ಹಿಡಿದು, ಮುಂದೆ ನೋಡಿ, ಹಿಂದೆ ನೋಡಿ, ಮೂಸಿದರು.

"ಇನ್ನೊಂದ್ಸಲ ತೊಳೀರಿ ಮೇಷ್ಟ್ರೇ."

ಇನ್ನೊಂದು ಸಲ ತೊಳೆದೆ. ನಾನು ಪರಿಶೀಲಿಸುವವನು, ಪರಿಶೀಲನೆಯನ್ನು ಗೌರವಿಸಬೇಕಾದವನು ನಾನೇ.

ಎಲ್ಲರೂ ಬದುವಿನ ಮೇಲೆ ಕುಳಿತೆವು. ತನುಜ ನಡುವೆ. ಬೋರ್‌ವೆಲ್ಲಿನ ತಂತಿ ಬೆಳಗ್ಗಿನ ಬಿಸಿಲಿಗೆ ಹೊಳೆಯುತ್ತಿತ್ತು. ಅದರ ಮೇಲೆ ಏನೂ ಇರಲಿಲ್ಲ. ನಲವತ್ತೊಂದು ಮಕ್ಕಳು ಒಂದೆಡೆ ಕುಳಿತು ಸದ್ದಿಲ್ಲದಿರುವುದನ್ನು ನಾನು ಟೆಸ್ಟಿನ ಹೊತ್ತಿನಲ್ಲೂ ಕಂಡಿದ್ದೆ; ಆದರೆ ಆ ನಿಶ್ಶಬ್ದದಲ್ಲಿ ಯಾರೂ ಮುಂದಕ್ಕೆ ಬಾಗಿರುತ್ತಿರಲಿಲ್ಲ.

ಅಷ್ಟರಲ್ಲಿ ರಸ್ತೆಯಲ್ಲಿ ಒಂದು ಮೊಪೆಡ್ ನಿಂತಿತು. ನರಸಿಂಹಮೂರ್ತಿ. ಆಫೀಸಿಗೆ ಹೋಗುವ ದಾರಿಯಲ್ಲಿ ಶಾಲೆಗೆ ಬಂದು, ತರಗತಿ ಖಾಲಿಯಿರುವುದನ್ನು ಕಂಡು, ಇಲ್ಲಿಗೆ ಬಂದಿದ್ದರು. ಬದುವನ್ನು ಹತ್ತುವ ಮುಂಚೆಯೇ ಅವರ ತಾಯಿ ಅವರನ್ನು ಹಿಡಿದರು.

"ಸೆಂಟು ಹಾಕ್ಕೊಂಡು ತೋಟಕ್ಕೆ ಬರ್ತೀಯೇನೋ? ಹುಳ ಸಾಕಿದ ಮನೇಲಿ ಹುಟ್ಟಿದೋನೇ ಅಲ್ವಾ ನೀನು? ಹೋಗು, ತೊಳ್ಕೊಂಡು ಬಾ."

ಅವರು ತೊಳೆದುಕೊಂಡು, ಒದ್ದೆಯಾದ ಕಾಲರಿನಲ್ಲಿ ನನ್ನ ಪಕ್ಕ ಬಂದು ಕುಳಿತರು. "ಸಾರ್," ಎಂದು ಪಿಸುಗುಟ್ಟಿದರು, "ಇವತ್ತು ಟೆಸ್ಟಲ್ವಾ? ಹೀಗಾದ್ರೆ ನಾನು ಟೀಸಿ..."

ತನುಜ ತಿರುಗಿ ನೋಡಲಿಲ್ಲ, ಬೆರಳೊಂದನ್ನು ಮೇಲೆತ್ತಿದಳು. ನರಸಿಂಹಮೂರ್ತಿ ಬಾಯಿ ಮುಚ್ಚಿದರು. ತಂತಿ ತೂಗಾಡಿತು.

ಬಂದು ಕುಳಿತದ್ದು ದೊಡ್ಡ ಹಕ್ಕಿ. ರಂಜನಿ ತುಟಿಯಲ್ಲೇ "ಮಿಂಚುಳ್ಳಿ" ಎಂದರು. ತಲೆ ಕಂದು, ಎದೆ ಬಿಳಿ, ಕೊಕ್ಕು ಕೆಂಪು; ಬೆನ್ನು ಎಂಥ ನೀಲಿಯೆಂದರೆ ರಂಜನಿಯ ಡಬ್ಬಿಯಲ್ಲಿದ್ದ ಯಾವ ಬಣ್ಣದ ಪೆನ್ಸಿಲ್ಲೂ ಸಾಲದಾಯಿತು. ಅದು ಒಮ್ಮೆ ಗಟ್ಟಿಯಾಗಿ ಕೂಗಿತು. ಆಮೇಲೆ ತಲೆ ಬಗ್ಗಿಸಿ ಸೊಪ್ಪಿನ ಸಾಲುಗಳನ್ನು ನೋಡತೊಡಗಿತು. ಅಲ್ಲಿ ನೀರಿರಲಿಲ್ಲ, ಮಣ್ಣಿತ್ತು. ಹಕ್ಕಿ ಎರಗಿತು, ಬರಿಗೊಕ್ಕಿನಲ್ಲಿ ಮರಳಿತು. ಇನ್ನೊಮ್ಮೆ ಎರಗಿತು. ಈ ಸಲ ಕೊಕ್ಕಿನಲ್ಲಿ ಒಂದು ಹಸಿರು ಮಿಡತೆ ಒದ್ದಾಡುತ್ತಿತ್ತು. ಅದನ್ನು ತಂತಿಗೆ ಎರಡು ಸಲ ಬಡಿದು ನುಂಗಿತು.

ನನ್ನ ಪ್ರಮಾಣ ಬಿದ್ದಿತು. ಸಾವಿರ ಉದಾಹರಣೆಗಳು ಸೇರಿ ಒಂದು ಪ್ರಮಾಣವನ್ನು ಕಟ್ಟಲಾರವು. ಒಂದು ಮಿಡತೆ ಅದನ್ನು ಕೆಡವಬಲ್ಲದು. ಗಣಿತದಲ್ಲಿ ನನಗೆ ಬಹಳ ಹಿಡಿಸುವ ಸಂಗತಿ ಇದು. ಅದು ಕಣ್ಣೆದುರಿಗೆ, ರೆಕ್ಕೆ ಸಮೇತ ನಡೆಯುವುದನ್ನು ನಾನು ಹಿಂದೆ ಕಂಡಿರಲಿಲ್ಲ.

ಹಕ್ಕಿ ಮತ್ತೆ ಮತ್ತೆ ಎರಗಿತು. ಆದರೆ ತೊಳೆದ ಮೇಲೆ ನಶ್ಯ ಕಾಣದ ನನ್ನ ಮೂಗು ತನ್ನ ತಕರಾರನ್ನು ಎತ್ತಿತ್ತು. ನಾನು ಉಸಿರು ಬಿಗಿಹಿಡಿದೆ, ಮೂಗು ಹಿಡಿದೆ, ಹದಿನೇಳರ ಮಗ್ಗಿಯನ್ನು ಮನಸ್ಸಿನಲ್ಲೇ ಹೇಳಿದೆ. ಮಗ್ಗಿ ಮುಗಿಯುವ ಮುನ್ನ ಸೀನು ಬಂದಿತು. ಹಕ್ಕಿ ನೀಲಿ ಗೆರೆ ಎಳೆದಂತೆ ಹಾರಿಹೋಯಿತು. ಮಕ್ಕಳು ನನ್ನನ್ನು ನೋಡಿದ ರೀತಿಯಲ್ಲಿ ನಾನು ಅವರನ್ನು ಎಷ್ಟೋ ಸಲ ನೋಡಿದ್ದೇನೆ.

"ತನುಜಮ್ಮ," ಎಂದೆ, ಕರವಸ್ತ್ರವನ್ನು ಮಡಿಸುತ್ತ. "ಒಟ್ಟು ಎಷ್ಟು ಸಲ ಎರಗಿತು?"

"ಏಳು ಸಾರ್."

"ಬೇಟೆ ಸಿಕ್ಕಿದ್ದು?"

"ಮೂರು ಸಲ."

"ಶೇಕಡಾ ಎಷ್ಟು?"

ಅವಳ ಮುಖದಿಂದ ಬೆಳಕು ಸರಿಯಿತು. ಎಡಗೈ ಹೊಟ್ಟೆಯ ಕಡೆ ಹೊರಟಿತು. ಪಕ್ಕದಲ್ಲಿ ನರಸಿಂಹಮೂರ್ತಿ ಮುಂದಕ್ಕೆ ಬಾಗಿದರು. ಯಾರೂ ಅವಳಿಗೆ ಹೇಳಿಕೊಡಲಿಲ್ಲ. ಕೊನೆಯಲ್ಲಿದ್ದ ಅಂಬರೀಶನೂ ಬಾಯಿ ಬಿಡಲಿಲ್ಲ. ಅವಳು ಖಾಲಿ ತಂತಿಯನ್ನು ನೋಡಿದಳು. ಹಕ್ಕಿ ಮತ್ತೆ ಅಲ್ಲಿ ಎರಗುತ್ತಿದೆಯೇನೋ ಎಂಬಂತೆ ಅವಳ ಕಣ್ಣು ಮೇಲೆ ಕೆಳಗೆ ಆಡಿತು. ಅರ್ಧ ದಾರಿಯಲ್ಲಿದ್ದ ಕೈ ಅಲ್ಲಿಯೇ ನಿಂತು, ಬೆರಳು ಮಡಿಸತೊಡಗಿತು.

"ನಲವತ್ತೆರಡು ದಾಟುತ್ತೆ ಸಾರ್. ನಲವತ್ತಮೂರು ಆಗಲ್ಲ." ಸ್ವಲ್ಪ ತಡೆದು ಸೇರಿಸಿದಳು: "ಮೂವತ್ತೈದಕ್ಕೆ ಪಾಸಲ್ವಾ ಸಾರ್? ಮಿಂಚುಳ್ಳಿ ಪಾಸು."

ಬದುವಿನ ಉದ್ದಕ್ಕೂ ನಗು ಹರಿಯಿತು. ತನುಜಳೂ ನಕ್ಕಳು. ಅವಳಿಗೆ ಅವಳ ಅಜ್ಜಿಯದೇ ನಗು ಎಂಬುದು ನನಗೆ ಅಂದು ತಿಳಿಯಿತು.

"ಮೆಲ್ಲಗೆ ನಗ್ರೋ," ಎಂದರು ಗಂಗುಲಮ್ಮ, ತಾವೇ ಎಲ್ಲರಿಗಿಂತ ಗಟ್ಟಿಯಾಗಿ ನಗುತ್ತ. "ಹುಳ ಜ್ವರಕ್ಕೆ ಕೂತವೆ."

ನರಸಿಂಹಮೂರ್ತಿ ನನ್ನ ಕಡೆ ತಿರುಗಿದರು. "ಸಾರ್, ಈ ಶನಿವಾರದ ಟೆಸ್ಟು..."

"ಈಗ ಮುಗಿಯಿತು. ನಿಮ್ಮ ಮಗಳು ಹಾಜರಿದ್ದಾಳೆ. ಮೂರು ಪ್ರಶ್ನೆ, ಮೂರು ಉತ್ತರ, ಮೂರೂ ಸರಿ."

"ಮೂರೇ ಪ್ರಶ್ನೆನಾ ಸಾರ್?"

"ಪ್ರಶ್ನೆಪತ್ರಿಕೆ ತಯಾರಿಸುವವನು ನಾನು. ಟೆಸ್ಟ್ ತಪ್ಪಿಸಿದರೆ ಟೀಸಿ ಎಂಬ ಷರತ್ತು ನೀವು ಹಾಕಿದ್ದು. ತಪ್ಪಿಸಿಲ್ಲ."

ಅವರು ಕಚೇರಿಯಲ್ಲಿ ಕೆಲಸ ಮಾಡಿದವರು. ಷರತ್ತಿನ ಬೆಲೆ ಬಲ್ಲವರು. ಬಹಳ ಹೊತ್ತು ಮಗಳ ಬೆರಳುಗಳನ್ನೇ ನೋಡಿದರು. ಆಮೇಲೆ ಕೇಳಿದರು: "ಅದು ಮತ್ತೆ ಬರುತ್ತಾ ತನೂ?"

"ಸುಮ್ನೆ ಕೂತ್ರೆ ಬರುತ್ತಪ್ಪ."

ಆಫೀಸಿಗೆ ಹೊತ್ತಾಗಿತ್ತು. ಅವರು ಸುಮ್ಮನೆ ಕುಳಿತರು.

ಟೀಸಿಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಟೆಸ್ಟನ್ನು ನಾನು ಬುಧವಾರಕ್ಕೆ ಹಾಕಿದೆ. ಮೊದಲ ಎರಡು ವಾರ ಹೊಟ್ಟೆನೋವೂ ಬುಧವಾರಕ್ಕೆ ಬಂದಿತು. ಆಮೇಲೆ ಮೊದಲ ಪ್ರಶ್ನೆಯನ್ನು ಮಕ್ಕಳ ನೋಟದ ಪುಸ್ತಕಗಳಿಂದಲೇ ತೆಗೆಯುವುದೆಂದು ರಂಜನಿ ಮತ್ತು ನಾನು ತೀರ್ಮಾನಿಸಿದೆವು. ತನುಜ ಮೊದಲು ಆ ಒಂದಕ್ಕೆ ಮಾತ್ರ ಉತ್ತರ ಬರೆದಳು. ಆಮೇಲೆ ಅರ್ಧ ಪತ್ರಿಕೆ ಬರೆದಳು. ಜನವರಿಯ ಹೊತ್ತಿಗೆ ಹೆಚ್ಚುವರಿ ಹಾಳೆ ಕೇಳಿದಳು. ಅವಳು ಹತ್ತನೆಯ ತರಗತಿ ಮುಗಿಸಿದ್ದು ಮೇಲೂರಿನಲ್ಲಿಯೇ.

ಇನ್ನು ಲೆಕ್ಕದ ವಿಷಯ. ಅಂದು ತೋಟದಿಂದ ಹಿಂದಿರುಗುವಾಗ, ನಾನು ಕಲ್ಲಿನ ಮೇಲಿದ್ದ ಡಬ್ಬಿಯನ್ನು ಎತ್ತಿಕೊಳ್ಳುತ್ತಿದ್ದಂತೆ ಅಂಬರೀಶ ಹತ್ತಿರ ಬಂದ.

"ಸಾರ್, ಮಿಂಚುಳ್ಳಿ ಇದೆ ಅಂತಾಯ್ತು. ನಾವು ಬರೆದಿದ್ದೂ ಸರಿಹೋಯ್ತಲ್ವಾ?"

"ಈ ಹಕ್ಕಿ ತನುಜಳದು. ಅವಳು ಬರೆದಿರಲಿಲ್ಲ, ತೋರಿಸಿದಳು. ನೀವು ನಲವತ್ತು ಜನ ಬರೆದಿದ್ದೀರಿ, ತೋರಿಸಿಲ್ಲ. ನಲವತ್ತು ಬಾಕಿ."

ಪ್ರತಿಯೊಬ್ಬರೂ ಈ ತೋಟವನ್ನು ಬಿಟ್ಟು ಬೇರೆಡೆಯಲ್ಲಿ, ತಮ್ಮ ಕಣ್ಣಿನಿಂದ ಒಂದು ಮಿಂಚುಳ್ಳಿಯನ್ನು ಕಂಡು ಬಾಕಿ ತೀರಿಸಬೇಕೆಂದು ಹೇಳಿದೆ. ಹೇಳಿ ಬರೆಸಿದವನಿಗೆ ಮಾತ್ರ ನಿಯಮ ಬೇರೆ. ಅವನು ಏನು ಬರೆದಿದ್ದನೋ ಅದನ್ನೇ ಕಾಣಬೇಕು: ಕೆರೆಯ ಅಂಚು, ಒಣಕೊಂಬೆ, ಎಡಕ್ಕೆ ಮುಖ, ಕೊಕ್ಕಿನಲ್ಲಿ ಮೀನು.

"ಕೆರೆ ತುಂಬೋ ತನಕ ಕಾಯ್ಬೇಕಾ ಸಾರ್?"

"ಕಾಯಿ."

ಮಕ್ಕಳು ಬಾಕಿಯನ್ನು ಪ್ರಾಮಾಣಿಕವಾಗಿ ತೀರಿಸಿದರು. ಒಬ್ಬನ ಹಕ್ಕಿ ಮಂಡಿಕಲ್ಲಿಗೆ ಹೋಗುವ ಬಸ್ಸಿನ ಕಿಟಕಿಯಲ್ಲಿ ಸಿಕ್ಕಿತು. ಕಂಡಕ್ಟರೂ ನೋಡಿದ್ದರಿಂದ ಒಪ್ಪಿದೆ. ರೂಪ ವಿದುರಾಶ್ವತ್ಥದಲ್ಲಿ ಚಿಕ್ಕಮ್ಮನ ಮನೆಗೆ ಹೋಗಿದ್ದಾಗ ಕಂಡಳು. ಪುಟದ ಕೊನೆಯಲ್ಲಿ "ಹಾರಿತು" ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಳು. ೨೦೦೫ರ ಮೇ ತಿಂಗಳಲ್ಲಿ ನಾನು ನಿವೃತ್ತನಾಗುವ ಹೊತ್ತಿಗೆ ಮೂವತ್ತೊಂಬತ್ತು ಸಂದಾಯವಾಗಿದ್ದವು.

ಆ ವರ್ಷ ಮಳೆ ಹಿಡಿಯಿತು. ಅಕ್ಟೋಬರಿನಲ್ಲಿ ಕೆರೆಗೆ ನೀರು ಬಂದಿತು. ಕ್ರಿಕೆಟ್ಟಿನವರು ಬೇರೆ ಜಾಗ ಹುಡುಕಿಕೊಂಡರು. ಒಂದು ಭಾನುವಾರ ಬೆಳಿಗ್ಗೆ ಅಂಬರೀಶ ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ನಮ್ಮ ಮನೆಯ ಮೆಟ್ಟಿಲ ಬಳಿ ಸೈಕಲ್ ಇಳಿದ. ಬಾಯಿ ಕಿವಿಯವರೆಗೂ ಹೋಗಿತ್ತು.

"ಸಾರ್, ಬಂದಿದೆ. ಒಣಕೊಂಬೆ. ಕೊಕ್ಕಿನಲ್ಲಿ ಮೀನು. ನಿಜವಾದ ಮೀನು ಸಾರ್, ಒದ್ದಾಡ್ತಿತ್ತು."

"ಮುಖ?"

ಅವನು ತಲೆ ಕೆರೆದುಕೊಂಡ. "ಬಲಕ್ಕೆ ಸಾರ್."

ನಾನು ನನ್ನ ಎಡಗೈಯನ್ನು ಎತ್ತಿ ತೋರಿಸಿದೆ.

"ಆಚೆ ದಡಕ್ಕೆ ಹೋಗಿ ನೋಡಿದ್ರೆ ಎಡಕ್ಕೆ ಆಗುತ್ತೆ ಅಂತ ಓಡಿದೆ ಸಾರ್. ಅರ್ಧ ಕಟ್ಟೆ ದಾಟೋದ್ರಲ್ಲಿ ಹಾರಿಹೋಯ್ತು."

ಒಳಗಿನಿಂದ ನನ್ನ ಹೆಂಡತಿ ಗೋದಮ್ಮ ಅವನಿಗೆ ಕಾಲು ತೊಳೆಯಲು ಚೊಂಬಿನಲ್ಲಿ ನೀರು ತಂದಳು. "ಪಾಪ, ಅಷ್ಟು ದೂರ ಓಡಿದಾನೆ. ಅದನ್ನೇ ಜಮಾ ಮಾಡ್ಕೋಬಾರ್ದಾ?"

"ಬೇಡಿ ಅಮ್ಮ," ಎಂದ ಅಂಬರೀಶ, ನಾನು ಬಾಯಿ ತೆರೆಯುವ ಮುಂಚೆಯೇ. "ಕೆರೆ ತುಂಬಿದೆ. ಅದು ಮತ್ತೆ ಬರುತ್ತೆ."

ಕಾಲು ತೊಳೆದು, ಎರಡು ಇಡ್ಲಿ ತಿಂದು, ಅವನು ಮತ್ತೆ ಕೆರೆಯ ಕಡೆಗೇ ಹೋದ. ನನ್ನ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಒಂದು ಬಾಕಿ ಎಂದಿತ್ತು. ಹಾಗೆಯೇ ಬಿಟ್ಟೆ.